ಅದೇ ನಂಬರಿನ ಕ್ಯಾಪಾಸಿಟರ್

ಆದಿತ್ಯವಾರ ಬೆಳಿಗ್ಗೆ ಚಿತ್ತರಂಜನನ ಟಿವಿ ಎರಡು ಸಲ ಮಿಣುಕಿ ಕಣ್ಣು ಮುಚ್ಚಿತು. ಸಂಜೆ ಆರಕ್ಕೆ ಮಗಳು ಸಂಚಿತಾ ಊರಿನ ಕೇಬಲ್ ಚಾನೆಲಿನ ನೇರಪ್ರಸಾರದಲ್ಲಿ ಹಾಡುವವಳಿದ್ದಳು. ಅದನ್ನು ನೋಡಲು ಹೆಂಡತಿ ವಿನೋದಾಳ ತವರಿನವರನ್ನೆಲ್ಲ ಉರ್ವದ ಫ್ಲ್ಯಾಟಿಗೆ ಕರೆದಾಗಿತ್ತು. ಈ ಜನ್ಮದಲ್ಲಿ ತನ್ನದೊಂದು ಕೆಲಸವಾದರೂ ನೆಟ್ಟಗೆ ಆಗುವುದುಂಟೇ ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಎದುರು ಮನೆಯ ಅಣ್ಣು ಕರೆಯದೆಯೇ ಬಂದರು. ಗಲ್ಫಿನಲ್ಲಿ ಇಪ್ಪತ್ತು ವರ್ಷ ಏಸಿ ಬಿಚ್ಚಿದವರಾದ್ದರಿಂದ ಟಿವಿಯ ಬೆನ್ನನ್ನೂ ಬಿಚ್ಚಿದರು. ಪವರ್ ಸಪ್ಲೈ ಬೋರ್ಡಿನಲ್ಲಿ ಒಂದು ಕ್ಯಾಪಾಸಿಟರಿನ ತಲೆ ಹಬೆಯಲ್ಲಿ ಬೆಂದ ಅಕ್ಕಿ ಪುಂಡಿಯ ಹಾಗೆ ಉಬ್ಬಿತ್ತು.

"ಇಷ್ಟೇ ಮಾರಾಯ್ರೆ. ಇದೊಂದು ಬದಲಿಸಿದರೆ ಆಯ್ತು."

ಚಿತ್ತರಂಜನ ಸ್ಕೂಟರಿನಲ್ಲಿ ಫಳ್ನೀರಿಗೆ ಧಾವಿಸಿ, ಶಟರ್ ಎಳೆಯುತ್ತಿದ್ದ ಅಂಗಡಿಯವನ ಕೈಕಾಲು ಹಿಡಿದು ಹೊಸದು ತಂದ. ಅಣ್ಣು ಹೇಳಿದಂತೆಯೇ ಬೆಸುಗೆ ಹಾಕಿದ. ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಸ್ವಿಚ್ ಒತ್ತಿದ್ದೇ ತಡ, ಅದು ಸಿಡಿದು ನೆಂಟರಿಗಾಗಿ ಒಗೆದು ಹಾಕಿದ್ದ ಕಿಟಕಿ ಪರದೆಗೆ ಮಸಿ ಬಳಿಯಿತು. ವಿನೋದಾ ಪರದೆಯನ್ನು ಕಳಚಿ ತಂದು ಅವನ ತೊಡೆಯ ಮೇಲೆ ಹಾಕಿ ಹೋದಳು.

ಅಂಗಡಿ ಮುಚ್ಚಿಯಾಗಿತ್ತು. ಮಧ್ಯಾಹ್ನ ಕರೆಂಟೂ ಹೋಯಿತು. ಆಗ ಅಣ್ಣುವಿಗೆ ಕೆಳಗೆ ಮೆಟ್ಟಿಲಿನ ಅಡಿಯಲ್ಲಿ ಧೂಳು ತಿನ್ನುತ್ತಿದ್ದ ಡಬ್ಬಿಯ ನೆನಪಾಯಿತು. ಅದರ ಲೈಟೂ ಉರಿಯುತ್ತಿರಲಿಲ್ಲ. ಸತ್ತು ಎಷ್ಟು ವರ್ಷವಾಯಿತೋ ಎಂದರು. ವಯರು ಕಳಚಿ ಮೇಲೆ ತಂದು ಬಿಚ್ಚಿದರೆ ಒಳಗೆ ಅದೇ ನಂಬರಿನ ಕ್ಯಾಪಾಸಿಟರ್. ಕರೆಂಟ್ ಬಂದು ಬೆಸುಗೆ ಕಡ್ಡಿ ಕಾದ ಮೇಲೆ ಚಿತ್ತರಂಜನ ಅದನ್ನು ಕಿತ್ತು ಟಿವಿಗೆ ಹಾಕಿದ. ಮರ್ಯಾದಸ್ಥನಾದ್ದರಿಂದ ಡಬ್ಬಿಯನ್ನು ಇದ್ದಲ್ಲೇ ಇಟ್ಟು, ವಯರುಗಳನ್ನೂ ಮೊದಲಿನಂತೆ ಸಿಕ್ಕಿಸಿ ಬಂದ.

ಆರಕ್ಕೆ ಇಪ್ಪತ್ತು ನಿಮಿಷ ಇರುವಾಗ, ನೆಂಟರೆಲ್ಲ ಕೂತ ಮೇಲೆ, ಸ್ವಿಚ್ ಒತ್ತಿದ. ಟಿವಿ ಹತ್ತಿತು. ಅವನ ಕಣ್ಣಲ್ಲಿ ನೀರೇ ಬಂತು. ಆದರೆ ಪರದೆಯ ಮೇಲೆ ಸಿಗ್ನಲ್ ಇಲ್ಲ ಎಂಬುದರ ಹೊರತು ಬೇರೇನೂ ಬರಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಇಡೀ ಬಿಲ್ಡಿಂಗೇ ಬಂದು ನಿಂತಿತ್ತು. ಮುಂದೆ ಸೆಕ್ರೆಟರಿ ಮುಖೇಶ್, ಅವನ ಕೈಯಲ್ಲಿ ಅದೇ ಡಬ್ಬಿ.

"ಕೇಬಲಿನ ಬೂಸ್ಟರ್ ಹಾಳಾಗಿದೆ. ಯಾರ ಮನೆಯಲ್ಲಿಯೂ ಟಿವಿ ಬರುವುದಿಲ್ಲ. ನಿಮಗೆ ರಿಪೇರಿ ಗೊತ್ತುಂಟಂತೆ?"

ಗುಂಪಿನ ಹಿಂದಿನಿಂದ ಅಣ್ಣು ಇಣುಕಿದರು. "ಕ್ಯಾಪಾಸಿಟರ್ ಹೋದದ್ದು ಅಷ್ಟೇ. ಹೆದರಬೇಡಿ, ಇವರ ಹತ್ತಿರ ಅದೇ ನಂಬರಿನದ್ದು ಒಂದು ಉಂಟು."

ಸರಿಯಾಗಿ ಆರಕ್ಕೆ ಸಂಚಿತಾ ಎಲ್ಲರ ಮನೆಯಲ್ಲಿ ಹಾಡಿದಳು, ತನ್ನ ಮನೆಯೊಂದನ್ನು ಬಿಟ್ಟು. ನೆಂಟರು ಅಣ್ಣುವಿನ ಮನೆಗೆ ನುಗ್ಗಿ ಕುರ್ಚಿಗಳನ್ನೆಲ್ಲ ಹಿಡಿದರು. ಚಿತ್ತರಂಜನ ಬಾಗಿಲಲ್ಲಿ ನಿಂತು, ಭಾವನ ಹೆಗಲಿನ ಸಂದಿಯಿಂದ ಮಗಳ ಅರ್ಧ ಮುಖ ಕಂಡ.

"ಸ್ವಲ್ಪ ಬದಿಗೆ ನಿಲ್ಲಿ," ಎಂದರು ಅಣ್ಣು. "ಗಾಳಿ ಬರುವುದಿಲ್ಲ."