ಹಾಡಬಾರದ ಹಾಡು

ಕುಮಟೆಯ ಕಡೆ ಹುಟ್ಟಿದ ಹಾಡೊಂದನ್ನು ಹೊನ್ನಾವರದಲ್ಲಿ ಯಾರೂ ಹಾಡಕೂಡದೆಂದು ಸರಕಾರದ ಹುಕುಂ ಆಯಿತು. ಹೊನ್ನಾವರದಲ್ಲಿ ಅದುವರೆಗೆ ಆ ಹಾಡನ್ನು ಯಾರೂ ಕೇಳಿರಲಿಲ್ಲ. ಅದು ನಲವತ್ತೆರಡನೆಯ ಇಸವಿ. ಕಾಗೆ ಕೂಗಿದರೂ ಸರಕಾರಕ್ಕೆ ರಾಜದ್ರೋಹವೆನಿಸುತ್ತಿದ್ದ ಕಾಲ.

ಡಂಗುರ ಸಾರುವ ದುರ್ಗಪ್ಪನಿಗೆ ಕಚೇರಿಯಿಂದ ಕರೆ ಬಂತು. "ಯಾವ ಹಾಡು ರಾಯರೇ?" ಎಂದು ಅವನು ಕೇಳಿದ್ದಕ್ಕೆ ಗುಮಾಸ್ತ ವೆಂಕ್ಟ್ರಮಣ ಬಾಗಿಲು ಮುಚ್ಚಿ, ಅವನ ಕಿವಿಯಲ್ಲಿ ಸೊಳ್ಳೆಯ ದನಿಯಲ್ಲಿ ಪೂರ್ತಿ ಹಾಡಿ ತೋರಿಸಿದ.

ದುರ್ಗಪ್ಪ ಬಂದರಿಗೆ ಹೋಗಿ ತಮಟೆ ಬಡಿದ. "ಕೇಳ್ರಪ್ಪೋ, ಕುಮಟೆಯ ಹಾಡು ಹಾಡಿದ್ರೆ ಜೈಲು."

ಮೀನು ಮಾರುವ ಮಾಸ್ತಮ್ಮ ಬುಟ್ಟಿ ಇಳಿಸಿದಳು. "ಎಂತ ಹಾಡು ದುರ್ಗಣ್ಣ? ಗೊತ್ತಿಲ್ದೆ ಹಾಡಿಬಿಟ್ರೆ ಎಂತ ಮಾಡೂದು?"

"ಹೌದು ಮತ್ತೆ," ಎಂದ ಹಮಾಲರ ಮುಖಂಡ ಬೊಮ್ಮಯ್ಯ. "ನಾಲಿಗೆ ಅಂದ್ರೆ ಬಿಟ್ಟ ದನ. ಯಾವ ಗದ್ದೆಗೆ ಹೋಗಬಾರ್ದು ಅಂತ ತೋರಿಸ್ಬೇಕಲ್ಲ ಮಾರಾಯ."

ನ್ಯಾಯವಾದ ಮಾತೆನಿಸಿತು. ದುರ್ಗಪ್ಪ ಮೆಲ್ಲಗೆ ಒಂದು ಸಾಲು ಹೇಳಿದ: "ಕಡಲು ನಮ್ಮದು, ಗಾಳಿ ನಮ್ಮದು, ಬಿಳಿಯನಿಗೇನು ಕೆಲಸ?"

"ಇಷ್ಟೇಯಾ? ಹಂಗಾರೆ ಉಳಿದದ್ದು ಹಾಡಬಹುದು," ಎಂದಳು ಮಾಸ್ತಮ್ಮ.

ಉಳಿದದ್ದನ್ನೂ ನಿಷೇಧಿಸಬೇಕಾಯಿತು. "ಗಂಟುಮೂಟೆ ಕಟ್ಟೋ ದೊರೆಯೇ, ನಿನ್ನ ಹಡಗು ಹತ್ತೋ."

ಹಿಂದಿದ್ದವರು ಕೇಳಿಸಲಿಲ್ಲವೆಂದು ದೂರಿದರು. ದುರ್ಗಪ್ಪ ದನಿ ಏರಿಸಿದ. ಬೊಮ್ಮಯ್ಯ ಧಾಟಿ ತಪ್ಪಿ ಹಾಡಿದ. ತಿದ್ದದೆ ಬಿಡಲು ದುರ್ಗಪ್ಪನ ಜೀವ ಒಪ್ಪಲಿಲ್ಲ. ಅವನಿಗೇ ತಿಳಿಯದಂತೆ ಕೈ ತಮಟೆಯ ಮೇಲೆ ತಾಳ ಹಾಕಿತು. ಫೌಜದಾರರು ಬರುವ ಹೊತ್ತಿಗೆ ಇಡೀ ಬಂದರು ಹಾಡುತ್ತಿತ್ತು.

"ನಾ ಹಾಡ್ತಾ ಇರ್ಲಿಲ್ಲ ಸ್ವಾಮಿ. ಹಾಡಬೇಡಿ ಅಂತ ಹೇಳ್ತಾ ಇದ್ದೆ," ಎಂದ ದುರ್ಗಪ್ಪ. ತಮಟೆಯ ಸಮೇತ ಅವನನ್ನು ಲಾಕಪ್ಪಿಗೆ ಹಾಕಿದರು.

ಹಮಾಲರು ಹೊತ್ತ ಮೂಟೆ ಕೆಳಗಿಟ್ಟರು. ದುರ್ಗಪ್ಪನನ್ನು ಬಿಡುವ ತನಕ ದೋಣಿಯಿಂದ ಒಂದು ಕಾಳೂ ಇಳಿಯದೆಂದು ಠಾಣೆಯ ಮುಂದೆ ಕೂತು ಹಾಡತೊಡಗಿದರು. ಮಾಸ್ತಮ್ಮನೂ ಅವಳ ಜೊತೆಯವರೂ ಮೀನಿನ ಬುಟ್ಟಿಗಳನ್ನು ಬಿಸಿಲಿಗಿಟ್ಟು ಪಕ್ಕದಲ್ಲೇ ಕೂತರು. ಫೌಜದಾರರು ಹಾಡನ್ನು ಹೇಗೋ ತಡೆದುಕೊಂಡರು. ಬಂಗಡೆಯ ನಾತ ತಡೆಯಲಾಗಲಿಲ್ಲ. ಸಂಜೆಗೆ ಮುಂಚೆ ದುರ್ಗಪ್ಪ ಹೊರಗೆ ಬಂದ. ಸರಕಾರದ ತಮಟೆಯೂ ಸರಕಾರದ ಕೆಲಸವೂ ಒಳಗೇ ಉಳಿದವು.

ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಿಗೆ ಮೆರವಣಿಗೆ ಹೊರಟಿತು. ದುರ್ಗಪ್ಪನ ಕಣ್ಣಲ್ಲಿ ನೀರಾಡಿತು. "ನಾಳೆಯಿಂದ ನಾ ಎಂತ ತಿನ್ನೂದು ಬೊಮ್ಮಯ್ಯ?"

"ನಿನ್ನ ಕೈ ಬಿಡ್ತೀವಾ? ಹಾಡಿಗಾಗಿ ಲಾಕಪ್ ಕಂಡವ ನೀ. ಇವತ್ತಿಂದ ನೀ ನಮ್ಮವ."

ಹಾಡು ಕಲಿಸುವ ಕೆಲಸವೇ ಇರಬೇಕೆಂದು ದುರ್ಗಪ್ಪ ಗಂಟಲು ಸರಿಮಾಡಿಕೊಂಡ. ಹಮಾಲರು ಅವನನ್ನು ಗೌರವದಿಂದ ಕೆಳಗಿಳಿಸಿದರು, ಅಷ್ಟೇ ಗೌರವದಿಂದ ಅವನ ಬೆನ್ನು ಬಗ್ಗಿಸಿದರು. ದಿನವಿಡೀ ದೋಣಿಯಲ್ಲೇ ಉಳಿದಿದ್ದ ಅಕ್ಕಿ ಮೂಟೆಗಳಲ್ಲಿ ಒಂದನ್ನು ತಂದು ಆ ಬೆನ್ನಿನ ಮೇಲಿಟ್ಟರು.

ಇಡೀ ಬಂದರೇ ಹಾಡುತ್ತಿತ್ತು. ಹಾಡಲು ಉಸಿರಿಲ್ಲದವನು ದುರ್ಗಪ್ಪ ಒಬ್ಬನೇ.