ಕೊಕ್ಕರೆ ದರ್ಜೆ

ಮನುಷ್ಯ ಮೀನು ತಿನ್ನುವುದು ಪರಿಸರಕ್ಕೆ ನಷ್ಟ, ಕೊಕ್ಕರೆ ಮೀನು ತಿನ್ನುವುದು ಪರಿಸರಕ್ಕೆ ಲಾಭ ಎಂಬುದು ನಮ್ಮ ಭಾಗದಲ್ಲಿ ಈಗ ತೀರ್ಮಾನವಾಗಿರುವ ವಿಷಯ. ಇದು ಗೊತ್ತಿಲ್ಲದೆ ಇಷ್ಟು ದಿನ ಸಾರು ಸುರಿದುಕೊಂಡು ಉಂಡೆವಲ್ಲ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಅರಕೆರೆಯ ಚಿಕ್ಕಬೋರಮ್ಮನಿಗೂ ಗೊತ್ತಿರಲಿಲ್ಲ. ಗದ್ದೆಯ ಮೂಲೆಯಲ್ಲಿ ಕೊಳ ತೋಡಿಸಿ, ಕಾಟ್ಲಾ ಮೀನಿನ ಮರಿ ಬಿಟ್ಟು, ಸಗಣಿ, ತೌಡು, ಹಿಂಡಿ ಹಾಕಿ ವರ್ಷವಿಡೀ ಸಾಕಿದಳು. ಕೊಕ್ಕರೆ ಇಳಿಯದಂತೆ ಕೊಳದ ಮೇಲೆ ಹಳೇ ಸೀರೆಯ ಅಂಚುಗಳನ್ನು ಅಡ್ಡಡ್ಡ ಕಟ್ಟಿದಳು. ಆದರೂ ಇಳಿದರೆ ತಗಡಿನ ಡಬ್ಬ ಬಡಿದಳು. ಮೀನು ಮೊಳದುದ್ದ ಬೆಳೆದವು. ಅಷ್ಟರಲ್ಲಿ ರಿಪೇರಿಗೆಂದು ನಾಲೆ ನೀರು ನಿಲ್ಲಿಸುವ ಸುದ್ದಿ ಬಂತು. ನೀರು ನಿಂತು ಕೊಳ ಬತ್ತುವ ಮೊದಲು ಮೀನು ಹಿಡಿದು ಮಾರದಿದ್ದರೆ ಅಷ್ಟೂ ಸಾಯುತ್ತಿದ್ದವು.

ಆದರೆ ಪರಿಸರ ಲೆಕ್ಕದ ಚೀಟಿಯಿಲ್ಲದ ಮೀನನ್ನು ಪಾಂಡವಪುರದ ವ್ಯಾಪಾರಿ ಗಾಡಿಗೆ ಹಾಕಿಕೊಳ್ಳುವಂತಿಲ್ಲ. ಆದ್ದರಿಂದ ಸುಸ್ಥಿರ ಮೀನು ಬೆಳವಣಿಗೆ ಕೋಶದ ಲೆಕ್ಕಾಧಿಕಾರಿ ರವೀಂದ್ರ ಅವರು ಶ್ರೀರಂಗಪಟ್ಟಣದಿಂದ ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಎಳನೀರು ಕುಡಿದು ಬುರುಡೆಯನ್ನು ತಾವೇ ತಿಪ್ಪೆಗೆ ಹಾಕಿ ಬಂದರು. ಕೊಳದಲ್ಲಿರುವ ಮೀನು ಪ್ರಕೃತಿಯ ಆಸ್ತಿ, ಬಲೆ ಹಾಕಿ ತೆಗೆದರೆ ಆಸ್ತಿ ಕರಗುತ್ತದೆ, ಹಕ್ಕಿ ತಿಂದರೆ ಮಾತ್ರ ಅದು ಪ್ರಕೃತಿಯಲ್ಲೇ ಉಳಿಯುತ್ತದೆ ಎಂದು ವಿವರಿಸಿದರು. ಸೀರೆ ಅಂಚು ಕಟ್ಟಿದ್ದು ಫಲಾನುಭವಿಗಳಾದ ಕೊಕ್ಕರೆಗಳಿಗೆ ಅಡ್ಡಿ, ಡಬ್ಬ ಬಡಿದದ್ದು ಕಿರುಕುಳ ಎಂದು ಬರೆದುಕೊಂಡರು. ಚೀಟಿ ಮಾತ್ರ ಕೊಡಲಿಲ್ಲ.

ನೀರು ನಿಂತರೆ ಮೀನು ಸತ್ತೇ ಹೋಗುತ್ತವಲ್ಲ ಎಂದು ಚಿಕ್ಕಬೋರಮ್ಮನ ಗಂಡ ಬೋರಯ್ಯ ಕೇಳಿದ. ತಾವಾಗಿ ಸತ್ತರೆ ಅದು ಸಹಜ ಕ್ರಿಯೆ, ಅದನ್ನು ನಷ್ಟವೆಂದು ಹಿಡಿಯುವುದಿಲ್ಲ ಎಂದು ರವೀಂದ್ರರು ಸಮಾಧಾನ ಹೇಳಿದರು.

ಚಿಕ್ಕಬೋರಮ್ಮ ತಗಡಿನ ಡಬ್ಬವನ್ನು ನೆಲಕ್ಕೆ ಕುಕ್ಕಿದಳು. "ಅಂಗಾರೆ ನಮ್ಮನ್ನೂ ಕೊಕ್ಕರೆ ಅಂತ್ಲೇ ಬರ್ಕಳಿ ಸಾ," ಅಂದಳು.

ರವೀಂದ್ರರು ನಗಲಿಲ್ಲ. ನಿಯಮ ತೆಗೆದು ನೋಡಿದರು. ನೀರಿನಲ್ಲಿ ನಿಂತು, ಬಲೆಯಿಲ್ಲದೆ, ಹಗಲು ಹೊತ್ತಿನಲ್ಲಿ, ತನ್ನ ಹೊಟ್ಟೆಗಾಗುವಷ್ಟು ಮೀನು ಹಿಡಿಯುವ ಜೀವಿಯೇ ಕೊಕ್ಕರೆ ಎಂದಿತ್ತು. ರೆಕ್ಕೆಯ ಪ್ರಸ್ತಾಪ ಇರಲಿಲ್ಲ. ಮೇಲಿನವರಿಗೆ ಫೋನು ಮಾಡಿ ಅಲ್ಲೇ ಒಪ್ಪಿಗೆ ಪಡೆದರು. ಸಂಜೆಗೆ ಆಟೋದಲ್ಲಿ ಮೈಕು ಕಟ್ಟಿ ಪ್ರಕಟಣೆ ಹೊರಟಿತು: "ಆಸಕ್ತ ಸಾರ್ವಜನಿಕರು ಕೊಕ್ಕರೆ ದರ್ಜೆಗೆ ಅರ್ಜಿ ಸಲ್ಲಿಸಬಹುದು. ಹಿಡಿದ ಮೀನನ್ನು ಮಾರತಕ್ಕದ್ದಲ್ಲ. ಕೊಕ್ಕರೆಗಳು ಆಧಾರ್ ಕಾರ್ಡನ್ನು ಕಡ್ಡಾಯವಾಗಿ ತರತಕ್ಕದ್ದು."

ಮಾರನೆಯ ದಿನ ಬೆಳಿಗ್ಗೆ ಇಡೀ ಊರು ಪಂಚೆ, ಸೀರೆ ಎತ್ತಿ ಕಟ್ಟಿಕೊಂಡು ಕೊಳಕ್ಕಿಳಿಯಿತು. ಅಧಿಕಾರಿಗಳು ಇಳಿಯಬಾರದೆಂದು ಎಲ್ಲೂ ಬರೆದಿರಲಿಲ್ಲವಾದ್ದರಿಂದ ರವೀಂದ್ರರೂ ಪ್ಯಾಂಟು ಮಡಚಿ ಇಳಿದರು. ಎಲ್ಲಕ್ಕಿಂತ ದೊಡ್ಡ ಕಾಟ್ಲಾ ಅವರಿಗೇ ಸಿಕ್ಕಿತು. ಕಿರುಕುಳದ ಆರೋಪವಿದ್ದುದರಿಂದ ಚಿಕ್ಕಬೋರಮ್ಮನ ಸರದಿ ಕಡೆಯಲ್ಲಿ ಬಂತು. ಕೆಸರಲ್ಲಿ ತಡಕಾಡಿದಾಗ ಅವಳಿಗೆ ಒಂದು ಮೀನು ಸಿಕ್ಕಿತು. ವರ್ಷದ ದುಡಿಮೆ ಊರಿನ ಒಲೆಗಳಿಗೆ ಹಂಚಿಹೋದದ್ದನ್ನು ಕಂಡು ಅವಳ ಕಣ್ಣು ತುಂಬಿತು. ಫಲಾನುಭವಿಯ ಆನಂದಬಾಷ್ಪ ಎಂದು ರವೀಂದ್ರರು ದಾಖಲಿಸಿದರು. ನಿಜವಾದ ಕೊಕ್ಕರೆಗಳು ಬದುವಿನ ಮೇಲೆ ನಿಂತು ನೋಡುತ್ತಿದ್ದವು. ಅವು ಅರ್ಜಿ ಹಾಕಿರಲಿಲ್ಲ.

ಒಂದೇ ದಿನದಲ್ಲಿ ಪಕ್ಷಿಸಂಕುಲ ಇಷ್ಟು ಹೆಚ್ಚಿದ ಕೊಳ ಬೇರೊಂದಿಲ್ಲವೆಂದು ಕೋಶದ ಮೊದಲ ಬಹುಮಾನ ಚಿಕ್ಕಬೋರಮ್ಮನ ಕೊಳಕ್ಕೇ ಬಂತು. ಸಮಾರಂಭದಲ್ಲಿ ಅವಳಿಗೆ ಶಾಲು ಹೊದಿಸಿ, ಎರಡು ಮಾತಾಡಿ ಎಂದರು.

"ಮುಂದ್ಲ ಸರ್ತಿ ಮೀನ್ಮರಿ ನೀವೇ ಬುಡಿ ಸಾ," ಅಂದಳು ಅವಳು. "ನಾವು ಕೊಕ್ಕರೆಗೊಳಾಗೇ ಇರ್ತೀವಿ."

ಸಭೆ ಚಪ್ಪಾಳೆ ತಟ್ಟಿತು. ಈಗ ಬೂಕನಕೆರೆಯಿಂದ ನಾಗಮಂಗಲದವರೆಗೆ ಕೊಕ್ಕರೆ ದರ್ಜೆಗೆ ಜನ ಸಾಲು ನಿಂತಿದ್ದಾರೆ. ಮೀನು ಸಾಕುತ್ತೇನೆಂದು ಮಾತ್ರ ಯಾರೂ ಮುಂದೆ ಬಂದಿಲ್ಲ. ಹೀಗಾಗಿ ಮೀನು ಸಾಕಣೆಯಿಂದ ಪರಿಸರಕ್ಕಾಗುತ್ತಿದ್ದ ನಷ್ಟ ಪೂರ್ತಿ ನಿಂತಿದೆ ಎಂದು ತಿಳಿಸಲು ಕೋಶವು ಹರ್ಷಿಸುತ್ತದೆ.