ತುಳಸಿ ಉಂಡ ಇಂಗಾಲ

“ಒಂದು ಒಗ್ಗರಣೆಗೆ ಈ ಭೂಮಿತಾಯಿ ಎಷ್ಟು ಬೆವರ್ತಾಳೆ, ಯಾರಿಗಾದ್ರೂ ಗೊತ್ತಾ?”

ನನ್ನ ಮೈದುನ ತ್ರಯಂಬಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದು ಗೋಡೆಯನ್ನು. ನಾನು ಕೋಸಂಬರಿಗೆ ಸಾಸಿವೆ ಸಿಡಿಸುತ್ತಿದ್ದೆ. ಅಂದು ದ್ವಾದಶಿ. ನಂಜನಗೂಡಿನ ನಮ್ಮ ಮನೆಯಲ್ಲಿ ತಿಂಗಳಿಂದ ನಡೆದಿದ್ದ ಕಾವ್ಯವಾಚನ ಆ ಸಂಜೆ ಪಟ್ಟಾಭಿಷೇಕದೊಂದಿಗೆ ಮಂಗಳವಾಗುವುದಿತ್ತು. ವನವಾಸವನ್ನೆಲ್ಲ ಕಣ್ಣೀರಿಟ್ಟು ಕೇಳಿದವಳು ನಾನು; ಈ ಒಂದು ಸಂಧಿ ತಪ್ಪದಿದ್ದರೆ ಸಾಕಿತ್ತು.

“ನೋಡಿ ಅತ್ತಿಗೆ, ಇಂಗಾಲಾರಿ!”

ಹಳೆಯ ವಾಷಿಂಗ್ ಮೆಷಿನ್ನಿಗೆ ಚಕ್ರ, ಮುಂದೆ ಆನೆಯಂಥ ಸೊಂಡಿಲು, ಹಿಂದಿನಿಂದ ಹಿತ್ತಲ ತುಳಸಿಕಟ್ಟೆಯವರೆಗೆ ಉದ್ದನೆಯ ಕೊಳವೆ.

“ಮನೆಯೊಳಗೆ ಎಲ್ಲಿ ಇಂಗಾಲ ಹುಟ್ಟಿದ್ರೂ ಹೀರಿ, ಗಟ್ಟಿ ಸಾರ ಮಾಡಿ ಗಿಡಕ್ಕೆ ಉಣಿಸತ್ತೆ. ಗಿಡಕ್ಕೆ ಅದೇ ಮೃಷ್ಟಾನ್ನ!”

“ಒಲೆ ಉರೀಬೇಕಲ್ಲಪ್ಪ?” ಎಂದೆ.

ಅಷ್ಟರಲ್ಲಿ ಸೊಂಡಿಲು ಸರ್ರನೆ ಬಂದು, ಅಗಸ್ತ್ಯರು ಸಮುದ್ರ ಕುಡಿದಂತೆ ಉರಿಯನ್ನೇ ಆಪೋಶನ ಮಾಡಿತು. ಸಾಸಿವೆಯೂ ಹೋಯಿತು! ಹಿತ್ತಲಲ್ಲಿ ತುಳಸಿ ಒಂದು ಮೊಳ ಎದ್ದಿತು.

“ಗೆದ್ದೆ!” ಎಂದು ತ್ರಯಂಬಕ ಕುಣಿದ.

“ಏನ್ರೀ ಗೆದ್ದಿದ್ದು? ಕಾಫಿಗೆ ಹಾಲು ಕಾಯ್ಬೇಕು!” ಎನ್ನುತ್ತ ಅವನ ಹೆಂಡತಿ ಪಂಕಜ ಬಂದಳು. “ಬೀದಿಕೊನೆ ಅಂಗಡಿಗೂ ಸ್ಕೂಟರ್ ಬೇಕು ನಿಮಗೆ. ತಟ್ಟೇಲಿ ಅರ್ಧ ಉಪ್ಪಿಟ್ಟು ಬಿಟ್ಟು ಏಳೋರೂ ನೀವೇ. ಕಣ್ಣು ಮಾತ್ರ ನನ್ನ ಒಲೆ ಮೇಲೆ!”

“ಅದು ಬೇರೆ ವಿಷಯ ಕಣೇ!”

“ಹೇಗ್ರೀ ಬೇರೆ?”

ಉಸಿರಿನಲ್ಲೂ ಇಂಗಾಲವಿದೆಯೆಂದು ಆಗ ತಿಳಿಯಿತು. ಯಾರ ದನಿ ಏರಿದರೆ ಅತ್ತ, ಸೊಂಡಿಲು ಒಮ್ಮೆ ಅವಳ ಬಾಯಿಗೆ, ಒಮ್ಮೆ ಅವನ ಬಾಯಿಗೆ ಓಡಾಡಿತು. ಮದುವೆಯಲ್ಲಿ ಬೀಗರು ಕೊಡದ ಬೆಳ್ಳಿ ಲೋಟದವರೆಗೆ ಜಗಳ ಹೋಗುವಷ್ಟರಲ್ಲಿ ತುಳಸಿ ಹೆಂಚು ಮುಟ್ಟಿತ್ತು! ನಾನು ಹೆಚ್ಚು ಮಾತಿನವಳಲ್ಲ. ಯಂತ್ರ ನನ್ನನ್ನು ಮೂಸಿಯೂ ನೋಡಲಿಲ್ಲ.

ಸಂಜೆ ಕೇಳುಗರು ನಡುಮನೆ ತುಂಬಿದರು. ಗಮಕಿ ನರಸಯ್ಯನವರು ಮೋಹನ ರಾಗದಲ್ಲಿ ಪದ್ಯ ಎತ್ತಿದರು. ಪದ್ಯದಲ್ಲಿ ಗುರುಗಳು ಕಿರೀಟ ಎತ್ತಿಕೊಂಡರು, ಇನ್ನೇನು ತಲೆಗಿಡಬೇಕು... ಗಮಕಿಗಳ ಉಸಿರೇ ಹೋಯಿತು. ಬಾಯಿಗೆ ಸೊಂಡಿಲು!

ಕೊಸರಿಕೊಂಡು ಅವರೆಂದರು: “ಏನ್ರಮ್ಮಾ ಇದು, ನನ್ನ ತಾರಸ್ಥಾಯೀನೇ ಕದೀತಿದೆ!”

“ತ್ರಯಂಬಕ, ಸ್ವಿಚ್ ಆರಿಸು.”

“ಸ್ವಿಚ್ ಇಟ್ಟಿಲ್ಲ ಅತ್ತಿಗೆ. ಭೂಮಿ ಉಳಿಸೋ ಕೆಲಸಕ್ಕೆ ರಜಾ ಇರತ್ತಾ?”

ಕೊಳವೆ ಕೀಳಲು ಅವನು ಹಿತ್ತಲಿಗೆ ಓಡಿ ತುಳಸಿಯ ನಡುವೆ ನುಗ್ಗಿದ. “ಅಯ್ಯೋ, ಸಿಗ್ತಿಲ್ಲ!” ಎಂದು ಅರಚಿದ. ಅರಚಿದ್ದೇ ತಪ್ಪಾಯಿತು. ನರಸಯ್ಯನವರನ್ನು ಬಿಟ್ಟು ಸೊಂಡಿಲು ಅತ್ತ ಓಡಿತು. ಅವನು ಕೂಗಿದಷ್ಟೂ ತುಳಸಿ ಕೊಬ್ಬಿತು, ಕೊಬ್ಬಿದಷ್ಟೂ ಅವನು ಕೂಗಿದ. ಕೊಂಬೆಗೆ ಕೊಂಬೆ ಹೆಣೆದು ಪಂಜರವಾಯಿತು. ಅವನ ಮುಖ ಮಾತ್ರ ಹೊರಗೆ.

ಒಳಗೆ ಗಮಕಿಗಳ ಉಸಿರು ಮರಳಿತು. ಕಿರೀಟ ಮತ್ತೆ ಮೇಲೆದ್ದಿತು.

“ಅತ್ತಿಗೆ! ಮಚ್ಚು ತನ್ನಿ! ಎರಡೇ ಕೊಂಬೆ ಕಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ!”

ನಾನು ಅವನೂ ಸೇರಿದಂತೆ ಆ ತುಳಸಿಗೆ ಒಂದು ಪ್ರದಕ್ಷಿಣೆ ಬಂದು ಕೈಮುಗಿದೆ.

“ದ್ವಾದಶಿ ದಿನ ತುಳಸಿಯ ಒಂದೆಲೆಯನ್ನೂ ಕೀಳಬಾರದು ತ್ರಯಂಬಕ. ಆಗಲ್ಲ. ಮಂಗಳ ಆಗೋವರೆಗೂ ನೀನು ಹೀಗೇ ಕೂಗ್ತಾ ಇರು.”